ನಾಲ್ಕು ವಾರ ಬೆಂಗಳೂರು: ಜಿಲ್ಲೆಯ ಕಾನೂನು ವಿದ್ಯಾರ್ಥಿಗಳ ಪರವಾಗಿ ಒಂದು ಬಹಿರಂಗ ಪತ್ರ

ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ,
ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರಿಗೆ,

ಮಾನ್ಯರೇ,

ಕಳೆದ ತಿಂಗಳು ಒಂದು ಸಂಜೆ, ಕೋರ್ಟು ಮುಗಿಸಿ ಬಂದು ಮರುದಿನದ ಫೈಲುಗಳನ್ನು ತೆಗೆದಿಡುತ್ತಿದ್ದೆ. ದಾವಣಗೆರೆಯ ನನ್ನ ಕಚೇರಿ ಎಂದರೆ ಹತ್ತಡಿ ಅಗಲದ ಒಂದು ಕೋಣೆ. ಬಾಗಿಲಲ್ಲಿ ಒಬ್ಬ ಹುಡುಗ ಚಪ್ಪಲಿ ಬಿಟ್ಟು ನಿಂತಿದ್ದ. ಮೂರು ವರ್ಷದ ಎಲ್‌ಎಲ್‌ಬಿಯ ಕೊನೆಯ ವರ್ಷದವನು. ಚೀಲದಿಂದ ಟೈಪ್ ಮಾಡಿಸಿ ತಂದಿದ್ದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟು, "ಮೇಡಂ, ನಾಲ್ಕು ವಾರದ ಇಂಟರ್ನ್‌ಶಿಪ್ ಸರ್ಟಿಫಿಕೇಟು. ನಿಮ್ಮ ಸಹಿ, ಸೀಲು ಆದರೆ ಸಾಕು" ಎಂದ. ಅದಕ್ಕೆ ಮೊದಲು ನಾನು ಅವನ ಮುಖ ನೋಡಿರಲಿಲ್ಲ.

ಹಾಳೆಯ ಜೊತೆ ಇಂಟರ್ನ್‌ಶಿಪ್ ಡೈರಿಯೂ ಇತ್ತು. ತಿರುವಿ ನೋಡಿದೆ. ದುಂಡು ಅಕ್ಷರ, ಒಂದು ಕಡೆಯೂ ಚಿತ್ತಿಲ್ಲ. ಇಂಥ ದಿನ ಎರಡನೇ ಸಾಕ್ಷಿಯ ಪಾಟೀ ಸವಾಲು ಗಮನಿಸಿದೆ, ಇಂಥ ದಿನ ಜಾಮೀನು ಅರ್ಜಿಯ ವಾದ ಕೇಳಿದೆ ಎಂದು ಪುಟ ತುಂಬ ಬರೆದಿದ್ದ. ಒಂದು ದಿನಾಂಕ ಭಾನುವಾರದ್ದಾಗಿತ್ತು. ಯಾರದೋ ಹಳೆಯ ಡೈರಿಯ ನಕಲು ಎಂದು ತಿಳಿಯಲು ಅಷ್ಟು ಸಾಕಾಯಿತು.

ನಾನು ಸಹಿ ಹಾಕಲಿಲ್ಲ. ರಜೆಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದೆ ಎಂದ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಕಾದ ಮರಳಿನ ಮುಂದೆ ನಿಲ್ಲುವ ಕೆಲಸ. ಕಾಲೇಜಿನ ಶುಲ್ಕ ಅದರಿಂದಲೇ ಕಟ್ಟಬೇಕು. ಬಲಗೈಯ ಮಣಿಕಟ್ಟಿನವರೆಗೆ ಚರ್ಮ ಕಂದಿತ್ತು. ಆ ಕೈಯಲ್ಲಿ ಆ ಡೈರಿಯನ್ನು ವಾಪಸು ತೆಗೆದುಕೊಂಡು ಹೋದ. ಈ ಪತ್ರ ಬರೆಯಲು ಕಾರಣ ಅವನು.

ನಿಯಮ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಯಾವುದೇ ವರ್ಷ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ವಿಚಾರಣಾ ನ್ಯಾಯಾಲಯದ ವಕೀಲರು, ಮೇಲ್ಮನವಿ ನ್ಯಾಯಾಲಯದ ವಕೀಲರು, ಶಾಸಕಾಂಗ, ನಿಯಂತ್ರಣ ಪ್ರಾಧಿಕಾರಗಳು, ಸ್ವಯಂಸೇವಾ ಸಂಸ್ಥೆಗಳು, ಸ್ಥಳೀಯ ಸಂಸ್ಥೆಗಳು ಎಂದು ಎಲ್ಲೆಲ್ಲಿ ಮಾಡಬಹುದು ಎಂಬ ಉದ್ದದ ಪಟ್ಟಿಯನ್ನೂ ನಿಯಮವೇ ಕೊಟ್ಟಿದೆ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಲು ಸಿದ್ಧರಿರುವ ಹಿರಿಯ ವಕೀಲರ ಪಟ್ಟಿಯನ್ನು ಜಿಲ್ಲಾವಾರು ಇಟ್ಟುಕೊಳ್ಳುವ ಮಾತೂ ಅದರಲ್ಲಿದೆ. ನಿಯಮ ಬರೆದವರ ಉದ್ದೇಶದಲ್ಲಿ ದೋಷವಿಲ್ಲ. ಆದರೆ ಇಂಟರ್ನ್‌ಶಿಪ್ ಮಾಡಬಹುದಾದ ಆ ಜಾಗಗಳಲ್ಲಿ ಹಲವು ಇರುವುದು ರಾಜಧಾನಿಯಲ್ಲಿ. ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಮಕ್ಕಳಿಗೆ ಅಲ್ಲಿಗೆ ಹೋಗುವ ದಾರಿಯನ್ನು ಯಾರೂ ಮಾಡಿಕೊಟ್ಟಿಲ್ಲ. ದಾರಿಯಿಲ್ಲದ ಕಡೆ ನಿಯಮವಿಟ್ಟರೆ ಮಕ್ಕಳು ಸುಳ್ಳು ಡೈರಿ ಬರೆಯುತ್ತಾರೆ. ಮುಂದೆ ಜೀವಮಾನವಿಡೀ ಪ್ರಮಾಣಪತ್ರಗಳಿಗೆ ಸಹಿ ಮಾಡಿಸಬೇಕಾದವರು ವೃತ್ತಿಗೆ ಕಾಲಿಡುವ ಮೊದಲೇ ಒಂದು ಸುಳ್ಳು ಪ್ರಮಾಣಪತ್ರಕ್ಕೆ ಕೈ ಹಾಕುತ್ತಾರೆ. ನನ್ನನ್ನು ಹೆಚ್ಚು ನೋಯಿಸುವುದು ಇದು.

ಕುಲಪತಿಗಳಲ್ಲಿ ನನ್ನ ಬೇಡಿಕೆ ಒಂದೇ. ಬೆಂಗಳೂರಿನಲ್ಲಿ ಪ್ರತಿ ವರ್ಷ ನಾಲ್ಕು ವಾರಗಳ, ವಸತಿ ಸಹಿತವಾದ ಬೇಸಿಗೆ ಅಧ್ಯಯನ ಮತ್ತು ಇಂಟರ್ನ್‌ಶಿಪ್ ಕಾರ್ಯಕ್ರಮವನ್ನು ವಿಶ್ವವಿದ್ಯಾಲಯವೇ ನಡೆಸಬೇಕು. ಅದರಲ್ಲಿ ಮೊದಲ ಪಾಲು ಜಿಲ್ಲೆ, ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಓದುತ್ತಿರುವವರಿಗೆ ಸಿಗಬೇಕು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದು ತಿಳಿಯಲು ನನ್ನದೇ ಕಥೆ ಸ್ವಲ್ಪ ಕೇಳಬೇಕು.

2019ರಲ್ಲಿ ನಾನು ವಿದ್ಯಾರ್ಥಿನಿ. ಜಗಳೂರು ತಾಲ್ಲೂಕಿನ ಹಳ್ಳಿಯವಳು, ಕನ್ನಡ ಮಾಧ್ಯಮದಲ್ಲಿ ಓದಿದವಳು. ಹೈಕೋರ್ಟ್ ವಕೀಲರ ಬಳಿ ಒಂದು ತಿಂಗಳು ಕೆಲಸ ಕಲಿಯಬೇಕೆಂದು ಆಸೆಪಟ್ಟು ಬೆಂಗಳೂರಿನ ಹದಿನಾರು ಕಚೇರಿಗಳಿಗೆ ಇ-ಮೇಲ್ ಕಳಿಸಿದ್ದೆ. ಹದಿಮೂರು ಕಡೆಯಿಂದ ಉತ್ತರವೇ ಬರಲಿಲ್ಲ. ಎರಡು ಕಡೆಯಿಂದ ಜಾಗವಿಲ್ಲ ಎಂದು ಬಂತು. ಉಳಿದ ಒಂದು ಕಚೇರಿಯಿಂದ ಫೋನ್ ಬಂತು, "ಯಾರ ಕಡೆಯಿಂದ?" ಎಂದು ಕೇಳಿದರು. ಯಾರ ಕಡೆಯಿಂದಲೂ ಅಲ್ಲ ಎಂದೆ. ನೋಡಿ ತಿಳಿಸುತ್ತೇವೆ ಎಂದರು, ತಿಳಿಸಲಿಲ್ಲ. ಕೊನೆಗೆ ನಮ್ಮ ಊರಿನ ಮೇಷ್ಟ್ರೊಬ್ಬರ ಹಳೆಯ ಶಿಷ್ಯರು ಅಲ್ಲಿ ವಕೀಲರಾಗಿದ್ದುದು ಗೊತ್ತಾಗಿ, ಅವರ ಕಚೇರಿಯಲ್ಲಿ ಜಾಗ ಸಿಕ್ಕಿತು. ಆ ಮೇಷ್ಟ್ರು ನಮ್ಮ ಊರಿನವರಾಗಿರದಿದ್ದರೆ ನಾನೂ ಒಂದು ಡೈರಿ ನಕಲು ಮಾಡುತ್ತಿದ್ದೆನೋ ಏನೋ, ಗೊತ್ತಿಲ್ಲ.

ಅವ್ವ ಸ್ತ್ರೀಶಕ್ತಿ ಸಂಘದಿಂದ ಹತ್ತು ಸಾವಿರ ಸಾಲ ಎತ್ತಿ ಕೊಟ್ಟಳು. ಪಿ.ಜಿ.ಯಲ್ಲಿ ಮೂವರಿಗೊಂದು ಕೋಣೆ, ತಿಂಗಳಿಗೆ 6,500 ರೂಪಾಯಿ, ಮುಂಗಡ ಬೇರೆ. ಕಪ್ಪು ಕೋಟನ್ನು ಸೀನಿಯರ್ ಒಬ್ಬರಿಂದ ಎರವಲು ತಂದಿದ್ದೆ. ತೋಳು ನನ್ನ ಬೆರಳ ತುದಿಯವರೆಗೆ ಬರುತ್ತಿತ್ತು, ಒಳಗೆ ಮಡಚಿ ಹೊಲಿಗೆ ಹಾಕಿಕೊಂಡಿದ್ದೆ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಕು ಹರಿಯುವ ಮೊದಲು ಮೆಜೆಸ್ಟಿಕ್‌ನಲ್ಲಿ ಇಳಿದೆ.

ಮೊದಲ ವಾರ ನನಗೆ ಏನೂ ಅರ್ಥವಾಗಲಿಲ್ಲ. ಕಾಸ್ ಲಿಸ್ಟ್, ಅಂದರೆ ಆ ದಿನದ ಪ್ರಕರಣಗಳ ಪಟ್ಟಿ, ಓದುವುದು ಹೇಗೆ, ಯಾವ ಕೋರ್ಟ್ ಹಾಲ್‌ನಲ್ಲಿ ಯಾವ ಸಂಖ್ಯೆ ನಡೆಯುತ್ತಿದೆ ಎಂದು ಬೋರ್ಡ್ ನೋಡಿ ಓಡುವುದು ಹೇಗೆ, ಅರ್ಜಿಯ ಲೋಪಕ್ಕೆ ಕೋರ್ಟಿನ ಕಚೇರಿ ಎತ್ತುವ ಆಫೀಸ್ ಆಬ್ಜೆಕ್ಷನ್ ಎಂದರೆ ಏನು, ಅದನ್ನು ತೀರಿಸಲು ಯಾವ ಶಾಖೆಗೆ ಹೋಗಬೇಕು, ಇವು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಹೈಕೋರ್ಟಿಗೆ ರಿಟ್ ಹೊರಡಿಸುವ ಅಧಿಕಾರ ಕೊಡುವ ಸಂವಿಧಾನದ 226ನೇ ವಿಧಿಯನ್ನು ನಾನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೆ. ಆ ವಿಧಿಯ ಕೆಳಗೆ ಬಂದ ಒಂದು ರಿಟ್ ಅರ್ಜಿಯನ್ನು ಅಲ್ಲಿಯವರೆಗೆ ಕಣ್ಣಿಂದ ನೋಡಿರಲಿಲ್ಲ. ಜೊತೆಗಿದ್ದ ಇಬ್ಬರು ಇಂಟರ್ನ್‌ಗಳು ಬೆಂಗಳೂರಿನವರು, ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡುತ್ತಿದ್ದರು. ನಾನು ಮಾತಾಡುತ್ತಲೇ ಇರಲಿಲ್ಲ.

ಎರಡನೇ ವಾರ ಒಂದು ಪಿಟಿಸಿಎಲ್ ಪ್ರಕರಣದ ಕಡತ ಬಂತು. ಕಾನೂನಿನ ಹೊರಗಿನ ಓದುಗರಿಗಾಗಿ ಒಂದು ಮಾತು: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಬೇರೆಯವರ ಪಾಲಾಗಿದ್ದರೆ ಅದನ್ನು ವಾಪಸು ಕೊಡಿಸುವ ರಾಜ್ಯದ ಕಾಯ್ದೆ ಅದು, 1978ರದು. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ, ಜಿಲ್ಲಾಧಿಕಾರಿಯ ಮುಂದೆ ಮೇಲ್ಮನವಿ, ಆಮೇಲೆ ಹೈಕೋರ್ಟು. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿದವು. ಧಾರವಾಡ ಪೀಠ ನಕ್ಷೆಯಲ್ಲಿ ಹತ್ತಿರ ಕಂಡರೂ ನಮ್ಮ ಕಕ್ಷಿದಾರರು ಹೋಗಬೇಕಾದ್ದು ದಾವಣಗೆರೆಯಿಂದ 260 ಕಿಲೋಮೀಟರ್ ಆಚೆಗೆ. ಈ ಕಡತವೂ ನಮ್ಮ ಸೀಮೆಯದೇ. ಅಜ್ಜನಿಗೆ ಮಂಜೂರಾದ ನಾಲ್ಕು ಎಕರೆಯನ್ನು ಕೇಳುತ್ತಿದ್ದ ಮೊಮ್ಮಕ್ಕಳ ಪರವಾಗಿ ನಮ್ಮ ಕಚೇರಿ ಇತ್ತು.

ದಿನಾಂಕಗಳ ಪಟ್ಟಿ ತಯಾರಿಸಲು ನನಗೆ ಹೇಳಿದರು. ಕಡತದಲ್ಲಿ ಹಳೆಯ ಸಾಗುವಳಿ ಚೀಟಿಯ, ಅಂದರೆ ಜಮೀನು ಮಂಜೂರಾದ ಪತ್ರದ, ನಕಲು ಇತ್ತು, ಅದರ ಇಂಗ್ಲಿಷ್ ಅನುವಾದವೂ ಇತ್ತು. ಹೈಕೋರ್ಟಿಗೆ ಕನ್ನಡ ದಾಖಲೆ ಹಾಕಿದರೆ ಅನುವಾದ ಬೇಕು. ಅನುವಾದ ಅರ್ಧ ಪುಟದ್ದು: ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ. ನಾನು ಮೂಲದ ನಕಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಶಾಯಿ ಮಾಸಿತ್ತು, ಮಡಿಕೆಯ ಮೇಲೆ ಅಕ್ಷರ ಒಡೆದಿದ್ದವು. ಆದರೆ ಅಂಥ ಚೀಟಿ ನಮ್ಮ ಮನೆಯ ಟ್ರಂಕಿನಲ್ಲೂ ಇತ್ತು, ಚಿಕ್ಕಂದಿನಲ್ಲಿ ಅಪ್ಪನಿಗೆ ಅದನ್ನು ಎಷ್ಟೋ ಸಲ ಓದಿ ಹೇಳಿದ್ದೆ. ಹಾಗಾಗಿ ಅದಕ್ಕೆ ಹಿಂಬದಿ ಇರುತ್ತದೆ ಎಂದು ನನಗೆ ಗೊತ್ತಿತ್ತು. ಹಿಂಬದಿಯ ನಕಲು ಬೇರೆ ಹಾಳೆಯಾಗಿ ಕಡತದ ಇನ್ನೆಲ್ಲೋ ಸೇರಿಕೊಂಡಿತ್ತು. ಹುಡುಕಿ ತೆಗೆದೆ. ಅಚ್ಚಾದ ಷರತ್ತುಗಳ ನಡುವೆ ಒಂದು ಸಾಲು ಕೈಬರಹದಲ್ಲಿತ್ತು: ಹದಿನೈದು ವರ್ಷ ಪರಭಾರೆ ಮಾಡಕೂಡದು. ಕ್ರಯ ಆಗಿದ್ದು ಮಂಜೂರಾದ ಹನ್ನೊಂದನೇ ವರ್ಷದಲ್ಲಿ.

ಷರತ್ತೇ ದಾಖಲೆಯಲ್ಲಿ ಕಾಣದಿದ್ದರೆ ಷರತ್ತು ಮುರಿದರು ಎಂದು ವಾದಿಸುವುದು ಹೇಗೆ? ನಾನು ಎದ್ದು ಹೋಗಿ, ಎರಡು ವಾರದಲ್ಲಿ ಮೊದಲ ಬಾರಿಗೆ ವಕೀಲರ ಕೋಣೆಯ ಬಾಗಿಲಲ್ಲಿ ನಿಂತು, "ಸರ್, ಚೀಟಿಗೆ ಹಿಂಬದಿ ಇದೆ" ಎಂದು ಕನ್ನಡದಲ್ಲೇ ಹೇಳಿದೆ. ಅವರು ಕನ್ನಡಕ ತೆಗೆದು ಹಾಳೆ ತೆಗೆದುಕೊಂಡರು. ಅವತ್ತೇ ಹೊಸ ಅನುವಾದ ಆಯಿತು, ಅದನ್ನು ಬರೆದವಳು ನಾನು. ಪಕ್ಕದಲ್ಲಿದ್ದ ಬೆಂಗಳೂರಿನ ಹುಡುಗಿ ನನ್ನ ಇಂಗ್ಲಿಷ್ ತಿದ್ದಿಕೊಟ್ಟಳು. ನಾನು ಅವಳಿಗೆ ಪಹಣಿ, ಖರಾಬು, ಗುಂಟೆ ಕಲಿಸಿದೆ.

ಆ ಕಾಲಕ್ಕೆ ಇಂಥ ಪ್ರಕರಣಗಳಲ್ಲಿ ವಿಳಂಬವೇ ದೊಡ್ಡ ತೊಡಕು. ಸಮಂಜಸವಾದ ಅವಧಿಯೊಳಗೆ ಅರ್ಜಿ ಹಾಕಿರಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. ನಮ್ಮ ಕಡೆಯ ಎಷ್ಟೋ ಕುಟುಂಬಗಳ ಅರ್ಜಿ ಆ ಒಂದು ಮಾತಿನ ಮೇಲೆ ಬಿದ್ದುಹೋಗುವುದನ್ನು ಆ ತಿಂಗಳು ಕೋರ್ಟ್ ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. 2023ರಲ್ಲಿ ರಾಜ್ಯದ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ತಡೆ ಇಲ್ಲ ಎಂದಿತು. ಕೋರ್ಟು ಒಂದು ಮಾತು ಹೇಳುವುದು, ಹೈಕೋರ್ಟಿನ ಎದುರಿನ ವಿಧಾನಸೌಧದಲ್ಲಿ ಅದಕ್ಕೆ ಉತ್ತರವಾಗಿ ಮಸೂದೆ ಬರುವುದು, ಆ ಮಸೂದೆ ಮತ್ತೆ ಕೋರ್ಟಿಗೆ ಬರುವುದು, ಇದೆಲ್ಲ ಅಂಬೇಡ್ಕರ್ ವೀದಿಯ ಆಚೆ ಈಚೆ ನಡೆಯುತ್ತದೆ. ಪಾಠದಲ್ಲಿ ಓದಿದ ಕಾನೂನು ನನ್ನ ಕಣ್ಣಿಗೆ ಜೀವ ತಳೆದದ್ದು ಅಲ್ಲಿ. ಇಂದು ದಾವಣಗೆರೆಯಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಇಂಥ ಅರ್ಜಿ ಬರೆಯುವಾಗ, ಇದು ಮುಂದೆ ಹೈಕೋರ್ಟಿಗೆ ಹೋದರೆ ಯಾವ ಹಾಳೆ ಬೇಕಾಗುತ್ತದೆ ಎಂದು ಮೊದಲೇ ನೋಡಿಕೊಳ್ಳುತ್ತೇನೆ. ಆ ನಾಲ್ಕು ವಾರ ನನಗೆ ಕೊಟ್ಟದ್ದು ಇದು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಜಿಲ್ಲೆಯ ಮಕ್ಕಳಿಗೆ ಬೆಂಗಳೂರಿನಲ್ಲಿ ಅವಕಾಶ ಕೊಡಿ ಎಂದರೆ ಉಪಕಾರ ಕೇಳಿದಂತೆ ಅನೇಕರಿಗೆ ಕೇಳಿಸುತ್ತದೆ. ನಮ್ಮ ಮಕ್ಕಳು ಬರಿಗೈಯಲ್ಲಿ ಹೋಗುವುದಿಲ್ಲ. ರಾಜ್ಯದ ಹೈಕೋರ್ಟಿಗೆ ಬರುವ ಕಂದಾಯ ಪ್ರಕರಣಗಳ ಬೇರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ. ಆ ಕಾಗದಗಳ ಭಾಷೆ ಇವರ ಮನೆಯ ಭಾಷೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ, ಅಂದರೆ ದನ ಮೇಯುವ ಹುಲ್ಲುಗಾವಲಿನ, ಭೂಮಿಯ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೆ ಹೋದಾಗ, ಕಾವಲು ಎಂದರೆ ಏನು, ಅಲ್ಲಿ ಯಾರ ದನ ಯಾವ ತಿಂಗಳು ಮೇಯುತ್ತವೆ ಎಂಬುದು ಕುದಾಪುರ, ಉಳ್ಳಾರ್ತಿ ಕಡೆಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥ ಒಬ್ಬ ಹುಡುಗ ವಕೀಲರ ಪಕ್ಕದಲ್ಲಿ ಕಡತ ಹಿಡಿದು ಕೂತಿದ್ದರೆ ಎಂದು ನಾನು ಯೋಚಿಸುತ್ತೇನೆ.

ಕಾರ್ಯಕ್ರಮ ಹೇಗಿರಬೇಕು ಎಂದು ನನಗೆ ತೋಚಿದ್ದನ್ನು ಬರೆಯುತ್ತೇನೆ. ತಿಳಿದವರು ತಿದ್ದಲಿ.

ಮೊದಲ ಪ್ರಶ್ನೆ ಕಾಲದ್ದು, ಇದನ್ನು ಯಾರೂ ಗಂಭೀರವಾಗಿ ನೋಡಿಲ್ಲ. ಬೇಸಿಗೆ ಎಂದ ಕೂಡಲೇ ಎಲ್ಲರೂ ಮೇ ತಿಂಗಳು ಎನ್ನುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳ ಕೊನೆಯ ಸುಮಾರಿನವರೆಗೆ ಹೈಕೋರ್ಟಿಗೇ ರಜೆ. ರಜಾಕಾಲದ ಪೀಠಗಳು ತುರ್ತು ಪ್ರಕರಣಗಳನ್ನಷ್ಟೇ ನೋಡುತ್ತವೆ. ಆಗ ಹೋದ ಮಗು ಖಾಲಿ ಕಾರಿಡಾರ್ ನೋಡಿ ಬರುತ್ತದೆ. ಜೂನ್ ಬಂದು ಕೋರ್ಟು ತುಂಬುವ ಹೊತ್ತಿಗೆ ಇವರಿಗೆ ಸೆಮಿಸ್ಟರ್ ಪರೀಕ್ಷೆ; ಜುಲೈವರೆಗೂ ಹೋಗುವ ವರ್ಷಗಳಿವೆ. ಹಾಗಾಗಿ ಕೋರ್ಟಿನ ಕ್ಯಾಲೆಂಡರೂ ಕಾಲೇಜಿನ ಕ್ಯಾಲೆಂಡರೂ ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ಇದನ್ನು ಸರಿಪಡಿಸುವ ಅಧಿಕಾರ ವಿದ್ಯಾರ್ಥಿಗಿಲ್ಲ, ಕಾಲೇಜಿಗೂ ಇಲ್ಲ, ವೇಳಾಪಟ್ಟಿ ಮಾಡುವ ವಿಶ್ವವಿದ್ಯಾಲಯಕ್ಕೆ ಇದೆ. ಮೇ ತಿಂಗಳ ಕೊನೆಯ ವಾರ ಶುರುವಾಗಿ ಮೊದಲ ವಾರ ಬರೀ ಪಾಠ, ಕೋರ್ಟು ತೆರೆದ ಮೇಲೆ ಮೂರು ವಾರ ಕೆಲಸ, ಆಮೇಲೆ ಪರೀಕ್ಷೆ ಎಂದು ಹೊಂದಿಸಿದರೆ ನಾಲ್ಕು ವಾರ ಸರಿಯಾಗಿ ಕೂಡುತ್ತದೆ. ಅದು ಆಗದ ವರ್ಷ ಮೇ ತಿಂಗಳಲ್ಲೇ ಮಾಡಬೇಕಾಗಿ ಬಂದರೆ, ಕೋರ್ಟಿನಂತೆ ಬೇಸಿಗೆ ರಜೆ ಇಲ್ಲದ ಸರ್ಕಾರಿ ಕಚೇರಿಗಳಿಗೆ ಕಳಿಸಬಹುದು. ಲೋಕಾಯುಕ್ತ, ಮಾಹಿತಿ ಆಯೋಗ, ಮಾನವ ಹಕ್ಕುಗಳ ಆಯೋಗ, ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನಾ ಇಲಾಖೆ, ಎಲ್ಲವೂ ಬೆಂಗಳೂರಿನಲ್ಲೇ ಇವೆ. ಒಂದು ಮಸೂದೆಯ ಕರಡು ಹೇಗೆ ತಯಾರಾಗುತ್ತದೆ ಎಂದು ಶಾಸನ ರಚನಾ ಇಲಾಖೆಯಲ್ಲಿ ಕೂತು ನೋಡಿದ ಕಾನೂನು ಪದವೀಧರರು ನಮ್ಮ ಜಿಲ್ಲೆಯಲ್ಲಿ ನನಗೆ ಒಬ್ಬರೂ ಸಿಕ್ಕಿಲ್ಲ.

ಕೋರ್ಟಿನ ಕಲಾಪ ಈಗ ಯೂಟ್ಯೂಬ್‌ನಲ್ಲೇ ನೇರವಾಗಿ ಬರುತ್ತದೆ, ಊರಲ್ಲೇ ಕೂತು ನೋಡಲಿ ಎಂದು ಹೇಳುವವರಿದ್ದಾರೆ. ನಾನೂ ನೋಡುತ್ತೇನೆ, ವಿದ್ಯಾರ್ಥಿಗಳಿಗೂ ನೋಡಲು ಹೇಳುತ್ತೇನೆ. ಆದರೆ ಪರದೆಯಲ್ಲಿ ವಾದ ಮಾತ್ರ ಕಾಣುತ್ತದೆ. ವಾದಕ್ಕೆ ಮೊದಲಿನ ರಾತ್ರಿಯ ಕಡತ ಕಾಣುವುದಿಲ್ಲ.

ಎರಡನೆಯದು ಉಳಿಯುವ ಜಾಗ. ಹುಡುಗಿಯರಿಗೆ ಇದೇ ಮೊದಲ ಪ್ರಶ್ನೆ, ಎಷ್ಟೋ ಮನೆಗಳಲ್ಲಿ ಕೊನೆಯ ಪ್ರಶ್ನೆಯೂ ಇದೇ. ಶಕ್ತಿ ಯೋಜನೆ ಬಂದ ಮೇಲೆ, 2023ರ ಜೂನ್‌ನಿಂದ, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ಮೆಜೆಸ್ಟಿಕ್‌ವರೆಗೆ ಹೋಗುವುದು ಈಗ ಸುಲಭ. ಇಳಿದ ಮೇಲೆ ಎಲ್ಲಿ ಎಂಬುದು ಹಾಗೇ ಇದೆ. ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಪಿ.ಜಿ.ಯಲ್ಲಿ ಮಗಳನ್ನು ಬಿಡಲು ಒಪ್ಪದ ತಂದೆ ತಾಯಿಯನ್ನು ನಾನು ಹಿಂದುಳಿದವರೆಂದು ಹೀಗಳೆಯುವುದಿಲ್ಲ, ಅವರ ಭಯ ನ್ಯಾಯವಾದದ್ದು. ಬೇಸಿಗೆಯಲ್ಲಿ ರಾಜಧಾನಿಯ ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ಎಷ್ಟೋ ಕೋಣೆಗಳು ಖಾಲಿ ಬೀಳುತ್ತವೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಜೊತೆ ವಿಶ್ವವಿದ್ಯಾಲಯ ಮಾತಾಡಿದರೆ ನಾಲ್ಕು ವಾರಕ್ಕೆ ಅವು ಸಿಗಬಹುದು. ವಿಶ್ವವಿದ್ಯಾಲಯದ ಪತ್ರ, ವಾರ್ಡನ್ ಇರುವ ಹಾಸ್ಟೆಲ್, ಜೊತೆಗೆ ತಮ್ಮದೇ ಜಿಲ್ಲೆಯ ಇನ್ನಿಬ್ಬರು ಹುಡುಗಿಯರು, ಇಷ್ಟಿದ್ದರೆ ಒಪ್ಪುವ ಮನೆಗಳು ಬಹಳ ಇವೆ.

ಇನ್ನು ದುಡ್ಡು. ಪರಿಶಿಷ್ಟ ಜಾತಿ, ಪಂಗಡದ ಮತ್ತು ಹಿಂದುಳಿದ ವರ್ಗದ ಕಾನೂನು ಪದವೀಧರರಿಗೆ ವಕೀಲಿ ತರಬೇತಿಯ ಕಾಲದಲ್ಲಿ ಸರ್ಕಾರ ಮಾಸಿಕ ಭತ್ಯೆ ಕೊಡುತ್ತದೆ. ಒಳ್ಳೆಯ ಯೋಜನೆ, ಅದರಿಂದ ವೃತ್ತಿಯಲ್ಲಿ ಉಳಿದವರು ನನ್ನ ಗೆಳೆಯರಲ್ಲೇ ಇದ್ದಾರೆ. ಆದರೆ ಅದು ಪದವಿ ಮುಗಿದ ಮೇಲೆ ಬರುವ ನೆರವು. ಮಂಡಕ್ಕಿ ಭಟ್ಟಿಯ ಹುಡುಗನಿಗೆ ದುಡ್ಡು ಬೇಕಾದದ್ದು ಓದುವಾಗ. ಒಂದು ತಿಂಗಳು ಭಟ್ಟಿಗೆ ಹೋಗದಿದ್ದರೆ ಅವನು ಕಳೆದುಕೊಳ್ಳುವ ಕೂಲಿಯಾದರೂ ಭತ್ಯೆಯಾಗಿ ಸಿಗಬೇಕು. ಊಟ, ವಸತಿ ಪುಕ್ಕಟೆ ಕೊಟ್ಟು ಕೂಲಿಯನ್ನು ಮರೆತರೆ ಕಾರ್ಯಕ್ರಮ ಮತ್ತೆ ಉಳ್ಳವರ ಮಕ್ಕಳಿಗೇ ಹೋಗುತ್ತದೆ. ಇದನ್ನು ದಯವಿಟ್ಟು ಅಡಿಗೆರೆ ಎಳೆದು ಓದಬೇಕೆಂದು ಕೋರುತ್ತೇನೆ.

ಅಮೆರಿಕದ ಹಲವು ಕಾನೂನು ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ರಾಜಧಾನಿ ವಾಷಿಂಗ್ಟನ್‌ಗೆ ಕಳಿಸುತ್ತವೆ. ಹಗಲು ಸರ್ಕಾರಿ ಇಲಾಖೆಯಲ್ಲೋ ಸಂಸತ್ತಿನ ಸಮಿತಿಯ ಕಚೇರಿಯಲ್ಲೋ ಕೆಲಸ, ಸಂಜೆ ಅದೇ ಊರಿನಲ್ಲಿ ತರಗತಿ, ಎರಡಕ್ಕೂ ಸೇರಿ ಪದವಿಗೆ ಲೆಕ್ಕವಾಗುವ ಕ್ರೆಡಿಟ್. ಕ್ರೆಡಿಟ್ ಸಿಗುವ ಕೆಲಸಕ್ಕೆ ಸಂಬಳ ಪಡೆಯಕೂಡದು ಎಂಬ ನಿಯಮ ಅಲ್ಲಿ ಬಹಳ ಕಾಲ ಇತ್ತು. ದುಡ್ಡಿಲ್ಲದವರಿಗೆ ಅದರಿಂದ ಅನ್ಯಾಯವಾಗುತ್ತದೆ ಎಂದು ವಿದ್ಯಾರ್ಥಿಗಳು ವರ್ಷಗಟ್ಟಲೆ ಕೂಗಿದ ಮೇಲೆ ಅಮೆರಿಕದ ವಕೀಲರ ಸಂಘ 2016ರಲ್ಲಿ ಅದನ್ನು ತೆಗೆದುಹಾಕಿತು. ಅಷ್ಟು ಸಿರಿವಂತ ದೇಶದಲ್ಲೇ ಬರೀ ಕ್ರೆಡಿಟ್ ಸಾಲದು ಎಂದು ಒಪ್ಪಿಕೊಂಡ ಮೇಲೆ, ನಮ್ಮಲ್ಲಿ ಬರೀ ಸರ್ಟಿಫಿಕೇಟ್ ಸಾಕು ಎನ್ನುವುದು ಹೇಗೆ?

ಅವರಿಂದ ನಾವು ಕಲಿಯಬೇಕು ಎಂದು ನಾನು ಹೇಳುವುದು ಸಂಜೆಯ ತರಗತಿಯನ್ನು. ಹಗಲು ಕಂಡದ್ದನ್ನು ಸಂಜೆ ಕೂತು ಬಿಡಿಸಿ ಹೇಳುವವರಿಲ್ಲದಿದ್ದರೆ ಇಂಟರ್ನ್‌ಶಿಪ್ ಎಂದರೆ ಜೆರಾಕ್ಸ್ ಮಾಡಿಸುವುದು ಮತ್ತು ಕಡತ ಹೊರುವುದು ಅಷ್ಟೇ. ದಿನಕ್ಕೆ ಎರಡು ಗಂಟೆ ಸಾಕು. ತೀರ್ಪು ಓದುವುದು ಹೇಗೆ, ಅದರಲ್ಲಿ ವಾಸ್ತವಾಂಶ ಎಲ್ಲಿ, ನಿರ್ಣಯ ಎಲ್ಲಿ. ದಿನಾಂಕಗಳ ಪಟ್ಟಿ, ಅಫಿಡವಿಟ್, ಮಧ್ಯಂತರ ಅರ್ಜಿ ಬರೆಯುವುದು ಹೇಗೆ. 2023ರಿಂದ ಸುಪ್ರೀಂ ಕೋರ್ಟಿನ ತೀರ್ಪುಗಳ ವರದಿ ಇ-ಎಸ್‌ಸಿಆರ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಬೇಕಾದದ್ದನ್ನು ಹುಡುಕಲು ಬಾರದ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ನಾನು ಪ್ರತಿ ವಾರ ನೋಡುತ್ತೇನೆ.

ಮತ್ತು ಇಂಗ್ಲಿಷ್. ಕನ್ನಡದಲ್ಲಿ ಪರೀಕ್ಷೆ ಬರೆಯುವ ಅವಕಾಶ ನಮ್ಮ ಮಕ್ಕಳಿಗಿದೆ, ಅದು ಇರಲೇಬೇಕು. ಜಿಲ್ಲಾ ನ್ಯಾಯಾಲಯದಲ್ಲಿ ಕನ್ನಡದಲ್ಲಿ ವಾದಿಸಬಹುದು, ನಾನು ಹೆಮ್ಮೆಯಿಂದ ವಾದಿಸುತ್ತೇನೆ. ಆದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಆ ಗೋಡೆ ಬದಲಾಗುವವರೆಗೆ ಅದನ್ನು ಹತ್ತುವುದನ್ನು ಕಲಿಸಬೇಕು. ಹತ್ತಲು ಕಲಿಸುವಾಗ ಕನ್ನಡವನ್ನು ಕೀಳು ಮಾಡದೆ ಕಲಿಸಬೇಕು. ಕನ್ನಡ ದಾಖಲೆಯನ್ನು ಇಂಗ್ಲಿಷಿಗೆ ತಪ್ಪಿಲ್ಲದೆ ತರುವುದನ್ನೇ ಒಂದು ವಿಷಯವಾಗಿ ಇಟ್ಟರೆ, ಕನ್ನಡ ಮಾಧ್ಯಮದವರು ತರಗತಿಯಲ್ಲಿ ಮೊದಲ ಬಾರಿಗೆ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ.

ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಕ ಒಂದನ್ನೇ ನೋಡಬಾರದು. ಮನೆಯ ಆದಾಯ, ಮನೆಯಲ್ಲಿ ಮೊದಲ ಪದವೀಧರರೇ ಎಂಬುದು ಲೆಕ್ಕಕ್ಕೆ ಬರಬೇಕು. ಪ್ರತಿ ಕಾಲೇಜಿನಿಂದ ಒಬ್ಬ ಹುಡುಗ, ಒಬ್ಬ ಹುಡುಗಿಯಾದರೂ ಹೋಗಬೇಕು.

ದೆಹಲಿಯ ಮಾತೂ ಬರುತ್ತದೆ. ಬೆಂಗಳೂರಿನ ನಾಲ್ಕು ವಾರ ಚೆನ್ನಾಗಿ ಮಾಡಿದ ಕೆಲವರನ್ನು ಮರುವರ್ಷ ದೇಶದ ರಾಜಧಾನಿಗೆ ಕಳಿಸಬೇಕೆಂಬುದು ನನ್ನ ಆಸೆ. ನಮ್ಮ ಎರಡು ಜಿಲ್ಲೆಯವರಿಗೆ ದೆಹಲಿ ದೂರದ ಊರಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಚಿತ್ರದುರ್ಗ, ಜಗಳೂರಿನ ಹಳ್ಳಿಗಳಲ್ಲಿ ಜನ ಟಿವಿ ಮುಂದೆ ಕೂತಿದ್ದರು. ಕೃಷ್ಣಾ ಕೊಳ್ಳದ ನೀರಿನ ಹಂಚಿಕೆಯ ವ್ಯಾಜ್ಯ ನಡೆಯುವುದೂ ಅಲ್ಲೇ. ಆ ನೀರಿಗಾಗಿ ಕಾದ ಊರಿನಿಂದ ಒಬ್ಬರಾದರೂ ಆ ಕಡತಗಳ ನಡುವೆ ಒಂದು ತಿಂಗಳು ಕೂತು ಬರಲಿ. ಆದರೆ ಇದು ಆಮೇಲಿನ ಮಾತು, ಮೊದಲು ಬೆಂಗಳೂರು.

ಊರು ಬಿಟ್ಟು ಹೋಗಿ ಕಲಿತು ಬರುವುದು ನಮ್ಮ ಸೀಮೆಗೆ ಹೊಸದಲ್ಲ. ಎಸ್. ನಿಜಲಿಂಗಪ್ಪನವರು ಪುಣೆಗೆ ಹೋಗಿ 1926ರಲ್ಲಿ ಕಾನೂನು ಪದವಿ ಪಡೆದು, ವಾಪಸು ಬಂದು ಚಿತ್ರದುರ್ಗದಲ್ಲಿ ವಕೀಲಿ ಮಾಡಿದರು. ಮಕ್ಕಳು ಒಮ್ಮೆ ಬೆಂಗಳೂರು ನೋಡಿದರೆ ಜಿಲ್ಲಾ ಕೋರ್ಟಿಗೆ ಮರಳುವುದಿಲ್ಲ ಎಂದು ನಮ್ಮ ಹಿರಿಯ ವಕೀಲರೊಬ್ಬರು ನನ್ನ ಜೊತೆ ವಾದ ಮಾಡಿದರು. ಕೆಲವರು ಮರಳಲಿಕ್ಕಿಲ್ಲ. ಅವರು ಅಲ್ಲಿ ಇದ್ದರೆ, ಮುಂದಿನ ವರ್ಷ ನಮ್ಮ ಹುಡುಗಿಯೊಬ್ಬಳು ಇ-ಮೇಲ್ ಕಳಿಸಿದಾಗ ಉತ್ತರಿಸಲು ಒಂದು ಕಚೇರಿ ಇರುತ್ತದೆ.

ವಕೀಲರ ಪರಿಷತ್ತಿನ ಹಿರಿಯರಲ್ಲಿ ನನ್ನ ಕೋರಿಕೆ ಬೇರೆ. ವಿಶ್ವವಿದ್ಯಾಲಯ ಕಾರ್ಯಕ್ರಮ ಮಾಡಿದರೂ ಕೂರಿಸಿಕೊಳ್ಳುವ ಕಚೇರಿಗಳು ಬೇಕು. ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನು ಯಾರ ಶಿಫಾರಸೂ ಇಲ್ಲದೆ ತೆಗೆದುಕೊಳ್ಳುತ್ತೇವೆ ಎಂದು ಹೈಕೋರ್ಟಿನ ಹಿರಿಯ ವಕೀಲರು ಹೆಸರು ಬರೆಸಲಿ. ಆ ಪಟ್ಟಿ ಪ್ರತಿ ಜಿಲ್ಲೆಯ ಕಾಲೇಜಿನ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಅಂಟಿಸಿರಲಿ.

ನನ್ನ ಕಡೆಯಿಂದ ಆಗುವುದನ್ನು ನಾನು ಶುರು ಮಾಡಿದ್ದೇನೆ. ಆ ಹುಡುಗನನ್ನು ಮರುದಿನ ಕರೆಸಿದೆ. ಭಟ್ಟಿಯ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತದೆ. ನಾಲ್ಕು ಗಂಟೆಗೆ ಸ್ನಾನ ಮಾಡಿ ಕಚೇರಿಗೆ ಬರುತ್ತಾನೆ, ರಾತ್ರಿ ಎಂಟರವರೆಗೆ ಇರುತ್ತಾನೆ. ಹಳೆಯ ಡೈರಿಯನ್ನು ಅವನೇ ಹರಿದುಹಾಕಿದ. ಹೊಸದರಲ್ಲಿ ಈವರೆಗೆ ಹನ್ನೊಂದು ಪುಟ ಆಗಿವೆ, ಚಿತ್ತು ಬಹಳ ಇವೆ. ಮೊನ್ನೆ ಒಂದು ಆಸ್ತಿ ವಿಭಾಗದ ದಾವೆಯ ವಂಶವೃಕ್ಷ ಬರೆಯಲು ಕೊಟ್ಟಿದ್ದೆ. ಮೂರು ಸಲ ತಪ್ಪಿ ನಾಲ್ಕನೇ ಸಲ ಸರಿ ಬರೆದ. ನಾಲ್ಕು ವಾರ ನಿಜವಾಗಿ ತುಂಬಿದ ದಿನ ಸಹಿ ಹಾಕುತ್ತೇನೆ. ಆದರೆ ಹೈಕೋರ್ಟಿನ ಕಾಸ್ ಲಿಸ್ಟನ್ನು ನಾನು ಅವನಿಗೆ ಮೊಬೈಲಿನಲ್ಲಷ್ಟೇ ತೋರಿಸಬಲ್ಲೆ. ಅಲ್ಲಿಂದ ಮುಂದಿನದು ತಮ್ಮ ಕೈಯಲ್ಲಿದೆ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಅಂತಿಮವಾಗುವ ಮೊದಲು ಈ ಪತ್ರವನ್ನು ಒಮ್ಮೆ ಸಭೆಯ ಮುಂದೆ ಇಡಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆ ಜಿಲ್ಲಾ ನ್ಯಾಯಾಲಯದ ಒಬ್ಬ ವಕೀಲೆ